ಕೋಷ್ಟಕಗಳ ನಂಟೂ ಅದು ತಪ್ಪಿದಾಗ ಮಾಡತಕ್ಕ ಶೋಧನೆಯೂ

ಶಾಲೆಯ ಹಳೆಯ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸುವಾಗ ನಮಗೆ ಮೇಲಿಂದ ಮೇಲೆ ಎದುರಾಗುವ ಒಂದು ತೊಡಕನ್ನು ಈ ಪಾಠದಲ್ಲಿ ವಿಚಾರಿಸುವೆವು.

ವಿದ್ಯಾರ್ಥಿನಿಯರ ಹೆಸರುಗಳು ಒಂದು ಕೋಷ್ಟಕದಲ್ಲಿಯೂ ಅವರ ಅಂಕಗಳು ಇನ್ನೊಂದರಲ್ಲಿಯೂ ಇರುವವೆಂದು ಎಣಿಸಿರಿ. ಅಂಕಗಳ ಕೋಷ್ಟಕದಲ್ಲಿ ಹೆಸರನ್ನು ತಿರುಗಿ ಬರೆಯುವದಿಲ್ಲ. ದಾಖಲಾತಿಯ ಸಂಖ್ಯೆಯನ್ನು ಮಾತ್ರ ಬರೆಯುವೆವು. ಈ ಸಂಖ್ಯೆಯು ಮೊದಲನೆಯದರಲ್ಲಿ ಪ್ರೈಮರಿ ಕೀ, ಎರಡನೆಯದರಲ್ಲಿ ಫಾರಿನ್ ಕೀ ಎನಿಸುವದು. ಎಡ್ಗರ್ ಕಾಡ್ ಎಂಬ ಗಣಿತಜ್ಞನು 1970ರಲ್ಲಿ ಪ್ರಕಟಿಸಿದ ಲೇಖನದಲ್ಲಿಯೇ ಈ ಎರಡು ಹೆಸರುಗಳೂ ಬಂದಿವೆ. ನಿಯಮವು ಸರಳವಾದದ್ದು: ತಾಯಿಕೋಷ್ಟಕದಲ್ಲಿ ಇಲ್ಲದ ಸಂಖ್ಯೆಯು ಮಗುಕೋಷ್ಟಕದಲ್ಲಿ ಇರಕೂಡದು.

ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನಲ್ಲಿ 1452 ಎಂಬ ದೋಷಸಂಖ್ಯೆಯು ಕಂಡರೆ ಈ ನಿಯಮಕ್ಕೆ ಭಂಗ ಬಂತೆಂದು ತಿಳಿಯತಕ್ಕದ್ದು. ಆಗ ಮೊದಲು ಕ್ರಮವನ್ನು ನೋಡಬೇಕು. ತಾಯಿಯ ಸಾಲನ್ನು ಸೇರಿಸಿದ ಬಳಿಕವೇ ಮಗುವಿನ ಸಾಲನ್ನು ಸೇರಿಸಬೇಕು. ಅನಂತರ ಸಂಖ್ಯೆಯಲ್ಲಿ ಕೈತಪ್ಪುಂಟೋ ಎಂದು ಪರೀಕ್ಷಿಸಬೇಕು. ನಂಟನ್ನು ಕಟ್ಟುವದಕ್ಕೇ ಆಗದೆ ಹೋದರೆ ಎರಡು ಅಂಕಣಗಳ ಜಾತಿಯನ್ನು ಹೋಲಿಸಿರಿ. ಒಂದು ಇಂಟ್, ಇನ್ನೊಂದು ಬಿಗ್‌ಇಂಟ್ ಆದರೆ ಅವು ಕೂಡುವದಿಲ್ಲ.

ಅವಸರದಲ್ಲಿ ಒಮ್ಮೆ ನಾವು ಇದೊಂದನ್ನೂ ಮಾಡದೆ, ಫಾರಿನ್ ಕೀ ಪರೀಕ್ಷೆಯನ್ನೇ ನಿಲ್ಲಿಸಿ ಸಾಲುಗಳನ್ನೆಲ್ಲ ಸೇರಿಸಿ, ಪುನಃ ಅದನ್ನು ಆರಂಭಿಸಿದೆವು. ಯಂತ್ರವು ಮೌನವಾಯಿತು, ನಾವೂ ಸಂತೋಷಪಟ್ಟೆವು. ಆದರೆ ಪರೀಕ್ಷೆಯನ್ನು ಪುನಃ ಆರಂಭಿಸಿದ ಮಾತ್ರಕ್ಕೆ ನಡುವೆ ಸೇರಿದ ಸಾಲುಗಳನ್ನು ಅದು ತಿರುಗಿ ನೋಡುವದಿಲ್ಲ. ಕೆಲವು ತಿಂಗಳುಗಳ ಮೇಲೆ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸಕ್ಕೆ ಅರ್ಜಿ ಹಾಕುವದಕ್ಕಾಗಿ ಅಂಕಪತ್ರವನ್ನು ಬೇಡಿದಳು. ಅವಳ ಹೆಸರಿತ್ತು, ಅಂಕಗಳಿರಲಿಲ್ಲ.

ಆಗ ಮಗುಕೋಷ್ಟಕದ ಎಲ್ಲ ಸಾಲುಗಳನ್ನು ಲೆಫ್ಟ್ ಜಾಯಿನ್‌ನಿಂದ ತಾಯಿಕೋಷ್ಟಕಕ್ಕೆ ಜೋಡಿಸಿ, ತಾಯಿಯ ಸಂಖ್ಯೆಯು ನಲ್ ಆಗಿದ್ದ ಸಾಲುಗಳನ್ನು ಮಾತ್ರ ತೆಗೆದು ನೋಡಿದೆವು. ದಿಕ್ಕಿಲ್ಲದ ಸಾಲುಗಳೆಲ್ಲ ಹೊರಬಿದ್ದವು. ಅವುಗಳಲ್ಲೊಂದು 471 ಎಂಬ ಸಂಖ್ಯೆಯದು. ಕಾಗದದ ರಿಜಿಸ್ಟರಿನಲ್ಲಿ ಅದು 417 ಆಗಿತ್ತು. ಆ ಸಾಲುಗಳನ್ನು ಕಸವೆಂದು ಅಳಿಸಿದ್ದರೆ ಅವಳ ಅಂಕಗಳು ಯಂತ್ರದಿಂದ ಮಾಯವಾಗುತ್ತಿದ್ದವು. ಒಂದೊಂದನ್ನೂ ರಿಜಿಸ್ಟರಿನೊಂದಿಗೆ ತಾಳೆ ನೋಡಿ ತಿದ್ದಿದೆವು.

ಇನ್ನೊಂದು ಮಾತನ್ನು ಮರೆಯಬಾರದು. 417ಕ್ಕೆ ಬದಲಾಗಿ 418 ಎಂದು ಬರೆದು, ಆ ಸಂಖ್ಯೆಯ ಹುಡುಗಿಯೂ ಇದ್ದಿದ್ದರೆ, ಯಂತ್ರವು ಏನೂ ಹೇಳುತ್ತಿರಲಿಲ್ಲ. ಫಾರಿನ್ ಕೀ ಇಲ್ಲದವರನ್ನು ತೋರಿಸೀತು, ತಪ್ಪಾದವರನ್ನು ತೋರಿಸದು. ಆದಕಾರಣ ಯಂತ್ರದ ದೂರನ್ನು ಅಡಗಿಸಬೇಡಿರಿ. ಕಾಗದದ ರಿಜಿಸ್ಟರನ್ನೂ ಎಸೆಯಬೇಡಿರಿ.