ತೆಳು ಎಲೆಯೋ, ದಪ್ಪ ಎಲೆಯೋ? ಟೂ-ಸ್ಟ್ರೋಕ್ ಎಂಜಿನ್ನಿನ ರೀಡ್ ವಾಲ್ವ್

ಮಕ್ಕಳೇ, ಹೊಲದ ಬಾವಿಗೆ ಕೂರಿಸಿದ ಪಂಪುಸೆಟ್ಟಿನ ಮೇಲೆ ಕೊಯಮತ್ತೂರು ಅನ್ನೋ ಹೆಸರನ್ನು ನಿಮ್ಮಲ್ಲಿ ಹಲವರು ಓದಿರಬಹುದು. ಆ ಪಂಪಿನ ಪೈಪು ನೀರಿನೊಳಗೆ ಕೊನೆಯಾಗುವ ಕಡೆ ಒಂದು ಫುಟ್‌ವಾಲ್ವ್ ಇರುತ್ತೆ. ಅದರಲ್ಲಿ ನೀರು ಮೇಲಕ್ಕೆ ಹೋಗಬಹುದು, ಕೆಳಕ್ಕೆ ಬರೋ ಹಾಗಿಲ್ಲ. ಅದರಲ್ಲಿ ಕಸ ಸಿಕ್ಕಿಕೊಂಡರೆ ರಾತ್ರಿಯೆಲ್ಲಾ ನೀರು ಸೋರಿಹೋಗಿ, ಬೆಳಿಗ್ಗೆ ಅಪ್ಪ ಕೊಡ ಹಿಡಿದು ಪೈಪು ತುಂಬಿಸಬೇಕು. ಅದೇ ಕೊಯಮತ್ತೂರಿನಲ್ಲಿ 1960ರಲ್ಲಿ ಶುರುವಾದ ಎಲ್ಜಿ ಕಂಪನಿ ಗಾಳಿ ಕಂಪ್ರೆಸರ್ ತಯಾರಿಸುತ್ತೆ. ಹಲವು ಪಿಸ್ಟನ್ ಕಂಪ್ರೆಸರುಗಳಲ್ಲೂ ಇಂಥದ್ದೇ ಒಮ್ಮುಖ ಬಾಗಿಲು ಉಂಟು: ಒಂದು ತುದಿ ಬಿಗಿದ, ಇನ್ನೊಂದು ತುದಿ ಬಾಗುವ ತೆಳ್ಳನೆಯ ಉಕ್ಕಿನ ಪಟ್ಟಿ. ಇದೇ ರೀಡ್ ವಾಲ್ವ್. ಹಾರ್ಮೋನಿಯಂ ಒಳಗಿನ ರೀಡು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಆಕಾರ.

ಈ ಪಟ್ಟಿಗೆ ಬೈಕಿನ ಎಂಜಿನ್ನಿನಲ್ಲಿ ಏನು ಕೆಲಸ? ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುವಾಗ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ಕಡಿಮೆಯಾಗಿ, ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತೆ. ಪಿಸ್ಟನ್ ಇಳಿಯುವಾಗ ಆ ಮಿಶ್ರಣ ಒತ್ತಿಕೊಂಡು ಸಿಲಿಂಡರಿಗೆ ಹೋಗಬೇಕು. ಬಂದ ದಾರಿಯಲ್ಲೇ ವಾಪಸು ಹೋದರೆ?

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಜಾವಾ, ಯೆಜ್ಡಿಗಳಲ್ಲಿ ಪಿಸ್ಟನ್ನಿನ ಅಂಚೇ ಬಾಗಿಲು. ಈ ಏರ್ಪಾಡಿನಲ್ಲಿ ಪಿಸ್ಟನ್ ತುತ್ತತುದಿ ತಲುಪಲು 70 ಡಿಗ್ರಿ ಇರುವಾಗ ದಾರಿ ತೆರೆದರೆ, ತುದಿ ದಾಟಿ 70 ಡಿಗ್ರಿ ಆಗುವವರೆಗೂ ಅದು ಮುಚ್ಚೋದಿಲ್ಲ. ಎಂಜಿನ್ ನಿಧಾನವಾಗಿದ್ದಾಗ ಒಂದಿಷ್ಟು ಮಿಶ್ರಣ ಕಾರ್ಬುರೇಟರಿಗೇ ಹಿಂದಿರುಗುತ್ತೆ. ಭಾರತದಲ್ಲಿ 1985ರಿಂದ 1996ರವರೆಗೆ ತಯಾರಾದ ಯಮಹಾ ಆರ್‌ಎಕ್ಸ್ 100ರಲ್ಲಿ ಈ ದಾರಿಗೆ ರೀಡ್ ವಾಲ್ವ್ ಇದೆ. ಒಳಗೆ ಒತ್ತಡ ಇಳಿದರೆ ಎಲೆ ತೆರೆಯುತ್ತೆ, ಏರಿದರೆ ಮುಚ್ಚುತ್ತೆ. ಯಾರೂ ಅದಕ್ಕೆ ಸಮಯ ಹೇಳಿಕೊಡಬೇಕಾಗಿಲ್ಲ. 98 ಸಿಸಿಯ ಪುಟ್ಟ ಎಂಜಿನ್ 7500 ಆರ್‌ಪಿಎಂನಲ್ಲಿ 11 ಅಶ್ವಶಕ್ತಿ ಕೊಡಲು ಇದೂ ಒಂದು ಕಾರಣ. ವಿದೇಶಗಳಲ್ಲಿ ಮರಳುದಿಬ್ಬ ಹತ್ತುವ ನಾಲ್ಕು ಚಕ್ರದ ಎಟಿವಿಗಳಲ್ಲಿ ಹೆಸರಾದ ಯಮಹಾ ಬ್ಯಾನ್ಶೀಯಲ್ಲೂ ಇದೇ ತತ್ತ್ವ. ಅದಕ್ಕೆ ಎರಡು ಸಿಲಿಂಡರ್, ಹಾಗಾಗಿ ಎರಡು ರೀಡ್ ಬ್ಲಾಕ್.

ಈಗ ಲೆಕ್ಕಕ್ಕೆ ಬನ್ನಿ. ನಿಮಿಷಕ್ಕೆ 7500 ಸುತ್ತು ಅಂದರೆ ಸೆಕೆಂಡಿಗೆ 125. ಒಂದು ಸುತ್ತಿಗೆ 8 ಮಿಲಿಸೆಕೆಂಡು. ಪಿಸ್ಟನ್ ಮೇಲೇರುವುದಕ್ಕೆ ಅದರಲ್ಲಿ ಅರ್ಧ. ಅಷ್ಟರಲ್ಲಿ ಎಲೆ ತೆರೆಯಬೇಕು, ಮಿಶ್ರಣ ಬಿಡಬೇಕು, ಮತ್ತೆ ಬಂದು ಕೂರಬೇಕು. ಎಲೆಗೆ ಇದು ಸಾಧ್ಯವೋ ಇಲ್ಲವೋ ಅನ್ನೋದು ಅದರ ಸ್ವಾಭಾವಿಕ ಆವೃತ್ತಿಯ ಮೇಲೆ ನಿಂತಿದೆ.

ಮಾಡಿ ನೋಡಿ: ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿನಿಂದ 20 ಸೆಂ.ಮೀ. ಹೊರಗೆ ಬಿಟ್ಟು, ಉಳಿದ ಭಾಗವನ್ನು ಒತ್ತಿ ಹಿಡಿದು ತುದಿಯನ್ನು ಮೀಟಿ. ಆಮೇಲೆ 10 ಸೆಂ.ಮೀ. ಮಾತ್ರ ಬಿಟ್ಟು ಮೀಟಿ. ಕಂಪನ ನಾಲ್ಕು ಪಟ್ಟು ಚುರುಕಾಗುತ್ತೆ. ಬರೀ ಕಿವಿಯಲ್ಲೇ ವ್ಯತ್ಯಾಸ ತಿಳಿಯುತ್ತೆ. ಉದ್ದ ಹಾಗೇ ಇಟ್ಟು ದಪ್ಪ ಎರಡರಷ್ಟು ಮಾಡಿದರೆ ಆವೃತ್ತಿ ಎರಡು ಪಟ್ಟು, ಆದರೆ ಬಿರುಸು ಎಂಟು ಪಟ್ಟು! ಅಂದರೆ ಬಾಗಿಸಲು ಎಂಟರಷ್ಟು ಬಲ ಬೇಕು.

ಪೇಚಾಟ ಇರೋದು ಇಲ್ಲೇ. ದಪ್ಪ ಎಲೆ ವೇಗದಲ್ಲಿ ಚೆನ್ನಾಗಿ ಮುಚ್ಚುತ್ತೆ, ನಿಧಾನದಲ್ಲಿ ತೆರೆಯೋಕೇ ಸತಾಯಿಸುತ್ತೆ. ತೆಳು ಎಲೆ ಸಣ್ಣ ಒತ್ತಡಕ್ಕೂ ತೆರೆಯುತ್ತೆ, ಆದರೆ ಎಂಜಿನ್ನಿನ ಆವೃತ್ತಿ ತನ್ನದನ್ನು ಬಹಳ ಮೀರಿದಾಗ ಹೆಜ್ಜೆ ತಪ್ಪಿ, ಕೂತಲ್ಲಿಂದ ಎಗರಿ ಪಟಪಟ ಬಡಿದುಕೊಳ್ಳುತ್ತೆ. ಕೊಯಮತ್ತೂರಿನ ಚೆಟ್ಟಿಪಾಳಯದ ಹತ್ತಿರ, ರೇಸ್ ಚಾಲಕ ಎಸ್. ಕರಿವರ್ಧನ್ ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅಂಥ ಟ್ರ್ಯಾಕಿನಲ್ಲಿ ಎಂಜಿನ್ ಹೆಚ್ಚು ಹೊತ್ತು ಏರು ವೇಗದಲ್ಲೇ ಇರುತ್ತೆ, ಅಲ್ಲಿ ಬಿರುಸಾದ ಎಲೆ ಸರಿ. ತಿರುಪ್ಪೂರಿನ ಬನಿಯನ್ ಕಂಪನಿಗಳ ಬೀದಿಯಲ್ಲಿ ಬಟ್ಟೆ ಗಂಟು ಹೇರಿಕೊಂಡು ನಿಂತು ನಿಂತು ಸಾಗುವ ಗಾಡಿಗೆ ಅದನ್ನೇ ಹಾಕಿದರೆ ಪಿಕಪ್ ಕುಂದುತ್ತೆ. "ರೇಸಿಂಗ್ ರೀಡು, ಹಾಕ್ಕೊಳ್ಳಿ ಸಾರ್" ಅಂತ ಅಂಗಡಿಯಲ್ಲಿ ಹೇಳಿದರೆ, ಯಾವ ರೇಸಿಗೆ ಅಂತ ಕೇಳಿ!

ವಸ್ತುವೂ ಮುಖ್ಯ. ಉಕ್ಕಿನ ಸಾಂದ್ರತೆ ನೀರಿನ 7.8ರಷ್ಟು, ಕಾರ್ಬನ್ ನಾರಿನ ಹಾಳೆಯದು ಸುಮಾರು 1.6ರಷ್ಟು. ಒಂದೇ ಬಿರುಸಿನ ಎಲೆ ಮಾಡಲು ನಾರಿನ ಹಾಳೆ ಕೊಂಚ ದಪ್ಪ ಬೇಕಾದರೂ ಒಟ್ಟು ತೂಕ ಕಡಿಮೆಯೇ. ಹಗುರವಾದ್ದರಿಂದ ಆವೃತ್ತಿ ಹೆಚ್ಚು. ಗಾಜಿನ ನಾರಿನದೂ ಹೀಗೆಯೇ, ಲಾಭ ಸ್ವಲ್ಪ ಕಡಿಮೆ. ನನ್ನ ಮಟ್ಟಿಗೆ ಇನ್ನೊಂದು ಕಾರಣವೇ ದೊಡ್ಡದು: ದಣಿದ ಉಕ್ಕಿನ ಎಲೆ ಮುರಿದರೆ ಚೂರು ಎಂಜಿನ್ ಒಳಗೆ ಬಿದ್ದು ಪಿಸ್ಟನ್, ಸಿಲಿಂಡರ್ ಎರಡನ್ನೂ ಗೀರಬಹುದು. ನಾರಿನ ಎಲೆ ಸಾಮಾನ್ಯವಾಗಿ ಅಂಚಿನಲ್ಲಿ ಸಿಬಿರೆದ್ದು ಮುನ್ಸೂಚನೆ ಕೊಡುತ್ತೆ, ಒಳಗೆ ಬಿದ್ದರೂ ಹಾನಿ ಕಡಿಮೆ. ತೆಳು ಎಲೆಯ ಮೇಲೆ ಇನ್ನೊಂದು ಎಲೆ ಜೋಡಿಸಿದ ಎರಡು ಪದರದವೂ ಇವೆ. ನಿಧಾನಕ್ಕೆ ಒಂದು, ವೇಗಕ್ಕೆ ಇನ್ನೊಂದು.

ಆದರೆ ಹೊಸದನ್ನು ಕೊಳ್ಳೋ ಮೊದಲು ಹಳೆಯದನ್ನು ನೋಡಿ. ಮೆಕ್ಯಾನಿಕ್ ಅಣ್ಣ ರೀಡ್ ಬ್ಲಾಕ್ ಬಿಚ್ಚಿದಾಗ ಅದನ್ನು ಬೆಳಕಿಗೆ ಹಿಡಿಯಲು ಹೇಳಿ. ಎಲೆಗೂ ಆಸನಕ್ಕೂ ನಡುವೆ ಬೆಳಕು ಎದ್ದು ಕಾಣುತ್ತಿದ್ದರೆ, ಅಂಚು ಚಕ್ಕೆ ಎದ್ದಿದ್ದರೆ ಸ್ಟಾರ್ಟಿಂಗ್ ತೊಂದರೆಗೆ ಅದೇ ಕಾರಣ ಇರಬಹುದು. ಕಂಪನಿಯ ಅದೇ ಅಳತೆಯ ಎಲೆ ಸಾಕು. ಬ್ಲಾಕನ್ನೇ ಬದಲಿಸಿ ಗಾಳಿ ಹೆಚ್ಚಿಸಿದರೆ ಕಾರ್ಬುರೇಟರಿನ ಜೆಟ್ಟನ್ನೂ ನೋಡಲೇಬೇಕು. ಗಾಳಿ ಹೆಚ್ಚಾಗಿ ಪೆಟ್ರೋಲ್ ಸಾಲದೆ ಹೋದರೆ ಎಂಜಿನ್ ಕಾದು ಪಿಸ್ಟನ್ ಸೀಜ್ ಆಗುತ್ತೆ. ಓಡುತ್ತಿರುವಾಗ ಹಿಂದಿನ ಚಕ್ರ ಕಚ್ಚಿಕೊಂಡರೆ ಸವಾರ ನೆಲಕ್ಕೆ ಬೀಳ್ತಾನೆ. ಸ್ಪಾರ್ಕ್ ಪ್ಲಗ್ಗಿನ ತುದಿ ತಿಳಿಕಂದು ಇದ್ದರೆ ಸರಿ, ಬೆಳ್ಳಗಾಗಿದ್ದರೆ ಗಾಡಿ ನಿಲ್ಲಿಸಿ.

ನಿಮಗೊಂದು ಲೆಕ್ಕ: 0.20 ಮಿ.ಮೀ. ದಪ್ಪದ ಉಕ್ಕಿನ ಎಲೆ ತೆಗೆದು, ಅದೇ ಉದ್ದದ 0.15 ಮಿ.ಮೀ. ಎಲೆ ಹಾಕಿದರೆ ಬಿರುಸು, ಆವೃತ್ತಿ ಎಷ್ಟಕ್ಕೆ ಇಳಿಯುತ್ತವೆ? (ಉತ್ತರ: ಬಿರುಸು ಸುಮಾರು 0.42 ಪಾಲು, ಆವೃತ್ತಿ 0.75 ಪಾಲು.)