ಬಾಣಂತಿ ಬೆಕ್ಕು ಮತ್ತು ಎಳೆಮರಿಗಳಲ್ಲಿ ಚಿಗಟದ ಸುರಕ್ಷಿತ ಹತೋಟಿ

ಮದುವೆಯ ಜವಳಿಗೆಂದು ಬೆಂಗಳೂರು ದಂಡಿನ ಕಮರ್ಷಿಯಲ್ ಸ್ಟ್ರೀಟ್‌ಗೆ ಹೋಗಿಬಂದ ರೈತರು ಅನೇಕರಿದ್ದಾರೆ. ಅಲ್ಲಿನ ಅಂಗಡಿಗಳ ಹಿಂಬದಿಯ ಇಕ್ಕಟ್ಟಾದ ಓಣಿಗಳಲ್ಲಿ ಬಟ್ಟೆಯ ಗಂಟುಗಳು, ರಟ್ಟಿನ ಪೆಟ್ಟಿಗೆಗಳು ತುಂಬಿದ ದಾಸ್ತಾನು ಕೋಣೆಗಳಿವೆ. ಬಟ್ಟೆ ಕಡಿಯುವ ಇಲಿಗೆ ಬೆಕ್ಕೇ ಕಾವಲು. ನಮ್ಮ ಹಳ್ಳಿಯ ಮನೆಗಳಲ್ಲಿಯೂ ರಾಗಿ ಮೂಟೆಗೆ, ಬಿತ್ತನೆ ಬೀಜಕ್ಕೆ ಇದೇ ಪ್ರಾಣಿ ಕಾವಲುಗಾರ. ಪೇಟೆಯಾಗಲಿ, ಹಳ್ಳಿಯಾಗಲಿ, ಬೆಕ್ಕು ಮರಿ ಹಾಕಲು ಆರಿಸಿಕೊಳ್ಳುವುದು ಒಂದೇ ಬಗೆಯ ಜಾಗವನ್ನು: ಕತ್ತಲಿರುವ, ಬೆಚ್ಚಗಿರುವ, ಯಾರೂ ಕೈಹಾಕದ ಬಟ್ಟೆಯ ಗಂಟು ಅಥವಾ ಗೋಣಿಚೀಲದ ರಾಶಿ. ದುರದೃಷ್ಟವಶಾತ್ ಚಿಗಟಕ್ಕೂ ಅದೇ ಜಾಗ ಬಹಳ ಹಿತ.

ಬೇಸಾಯದ ಪತ್ರಿಕೆಯಲ್ಲಿ ಬೆಕ್ಕಿನ ವಿಷಯವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಚಿಗಟ ಕಂಡೊಡನೆ ಮನೆಯಲ್ಲಿ ಕೈಗೆ ಸಿಗುವುದು ಬೆಳೆಗೆ ಸಿಂಪಡಿಸಿ ಉಳಿದ ಔಷಧದ ಬಾಟಲಿ. ಅದನ್ನು ನೀರಿಗೆ ಬೆರೆಸಿ ಬೆಕ್ಕಿಗೆ ಒರೆಸಿದರೆ ಚಿಗಟದೊಂದಿಗೆ ತಾಯಿಯೂ ಮರಿಗಳೂ ಸಾಯುತ್ತವೆ. ಆದ್ದರಿಂದ ಈ ವಿಷಯ ಬೇಸಾಯಗಾರನಿಗೆ ಸಂಬಂಧಪಟ್ಟದ್ದೇ ಆಗಿದೆ.

ಚಿಗಟದ ಜೀವನಚಕ್ರ

ಚಿಗಟವು 1.5 ರಿಂದ 3 ಮಿ.ಮೀ. ಉದ್ದದ, ಕಂದು ಬಣ್ಣದ, ಪಕ್ಕಗಳಿಂದ ಚಪ್ಪಟೆಯಾದ, ರೆಕ್ಕೆಯಿಲ್ಲದ ಕೀಟ. ಉಣ್ಣೆಯಂತೆ ಕಚ್ಚಿಕೊಂಡು ಒಂದೆಡೆ ಕೂರುವುದಿಲ್ಲ. ಕೂದಲ ನಡುವೆ ಓಡುತ್ತದೆ, ಹಾರುತ್ತದೆ. ಹೆಣ್ಣು ಚಿಗಟ ರಕ್ತ ಕುಡಿದು ದಿನಕ್ಕೆ 40 ರಿಂದ 50 ಮೊಟ್ಟೆಗಳವರೆಗೆ ಇಡಬಲ್ಲದು. ಮೊಟ್ಟೆಗಳು ಕೂದಲಿಗೆ ಅಂಟುವುದಿಲ್ಲ, ಬೆಕ್ಕು ಮಲಗಿದಲ್ಲಿ ಉದುರುತ್ತವೆ. ಕೆಲವೇ ದಿನಗಳಲ್ಲಿ ಹೊರಬರುವ ಮರಿಹುಳುಗಳು ದೊಡ್ಡ ಚಿಗಟಗಳು ಉದುರಿಸಿದ ಒಣಗಿದ ರಕ್ತದ ಹಿಕ್ಕೆಯನ್ನು ತಿಂದು ಬೆಳೆಯುತ್ತವೆ. ಬಳಿಕ ಧೂಳು ಮೆತ್ತಿದ ಸಣ್ಣ ಗೂಡು ಕಟ್ಟಿ ಕೋಶಾವಸ್ಥೆಗೆ ಹೋಗುತ್ತವೆ. ನಮ್ಮ ಹವೆಯಲ್ಲಿ ಈ ಚಕ್ರ ಸುಮಾರು ಮೂರು ನಾಲ್ಕು ವಾರಗಳಲ್ಲಿ ಮುಗಿಯುತ್ತದೆ. ಆದರೆ ಗೂಡಿನೊಳಗಿನ ಚಿಗಟ ತಿಂಗಳುಗಟ್ಟಲೆ ಕಾಯಬಲ್ಲದು. ಹೆಜ್ಜೆಯ ಅದುರು, ಮೈಯ ಕಾವು ತಗುಲಿದೊಡನೆ ಹೊರಬೀಳುತ್ತದೆ. ಬಹಳ ದಿನ ಮುಚ್ಚಿದ್ದ ಕೋಣೆಯನ್ನು ತೆರೆದಾಗ ಕಾಲಿಗೆ ಒಮ್ಮೆಗೇ ಚಿಗಟ ಮುತ್ತುವುದು ಇದರಿಂದಲೇ.

ಇದರಿಂದ ತಿಳಿಯಬೇಕಾದ ಮುಖ್ಯ ಅಂಶ ಇದು: ಬೆಕ್ಕಿನ ಮೈಮೇಲೆ ಕಾಣುವುದು ಸಂತತಿಯ ಒಂದು ಸಣ್ಣ ಪಾಲು. ಉಳಿದದ್ದೆಲ್ಲ ಹಾಸಿಗೆಯಲ್ಲಿ, ನೆಲದ ಬಿರುಕಿನಲ್ಲಿ, ಧೂಳಿನಲ್ಲಿ ಇದೆ.

ಎಳೆಮರಿಗೆ ಅಪಾಯವೇಕೆ?

ಆಗತಾನೆ ಹುಟ್ಟಿದ ಬೆಕ್ಕಿನ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಅದರ ಮೈಯಲ್ಲಿರುವ ರಕ್ತ 6 ರಿಂದ 7 ಮಿ.ಲೀ. ಮಾತ್ರ, ಅಂದರೆ ಒಂದೂವರೆ ಟೀ ಚಮಚಕ್ಕಿಂತ ಕಡಿಮೆ. ಸುಮಾರು 70 ಹೆಣ್ಣು ಚಿಗಟಗಳು ಸೇರಿದರೆ ದಿನಕ್ಕೆ 1 ಮಿ.ಲೀ. ರಕ್ತ ಹೀರಬಲ್ಲವು. ದೊಡ್ಡ ಬೆಕ್ಕಿಗೆ ಇದು ಬರಿಯ ಕೆರೆತ; ಮರಿಗಾದರೋ ಒಂದೇ ದಿನದಲ್ಲಿ ಮೈಯ ರಕ್ತದ ಏಳನೆಯ ಒಂದು ಪಾಲು ನಷ್ಟ. ವಸಡು ಬಿಳಿಚುವುದು, ಮೈ ತಣ್ಣಗಾಗುವುದು, ಮೊಲೆ ಚೀಪಲು ಶಕ್ತಿ ಸಾಲದಿರುವುದು ರಕ್ತಹೀನತೆಯ ಚಿಹ್ನೆಗಳು. ಇಂಥ ಮರಿಯನ್ನು ಮನೆಯಲ್ಲಿ ಉಪಚರಿಸುತ್ತ ಕಾಯಬಾರದು. ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಚಿಗಟವನ್ನು ನುಂಗಿದ ಬೆಕ್ಕಿಗೆ ಲಾಡಿಹುಳುವಿನ ಬಾಧೆಯೂ ತಗಲುತ್ತದೆ. ಬಾಲದ ಬಳಿ ಅಕ್ಕಿಕಾಳಿನಂಥ ತುಣುಕುಗಳು ಕಂಡರೆ ವೈದ್ಯರಿಗೆ ತಿಳಿಸಬೇಕು.

ಚಿಗಟವೆಂದರೆ ಬೆಂಗಳೂರಿನ ಹಿರಿಯರಿಗೆ ಪ್ಲೇಗಿನ ನೆನಪು. 1898ರಲ್ಲಿ ಪ್ಲೇಗು ಪೇಟೆಯನ್ನೂ ದಂಡನ್ನೂ ಹೊಕ್ಕಿತು. ಅದೇ ವರ್ಷ ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಪ್ರಯೋಗ ನಡೆಸಿ, ಇಲಿಯಿಂದ ಇಲಿಗೆ ಅದನ್ನು ಹರಡುವುದು ಚಿಗಟವೆಂದು ತೋರಿಸಿದನು. ಆದರೆ ಪ್ಲೇಗನ್ನು ಮುಖ್ಯವಾಗಿ ಹರಡುವುದು ಇಲಿಚಿಗಟ. ಬೆಕ್ಕಿನ ಮೇಲೆ ಸಾಮಾನ್ಯವಾಗಿ ಕಾಣುವ ಚಿಗಟ ಬೇರೆ ಜಾತಿಯದು. ಆದ್ದರಿಂದ ಗಾಬರಿಯಿಂದ ವಿಷ ಸುರಿಯುವುದಾಗಲಿ, ತಾಯಿಮರಿಗಳನ್ನು ಬೀದಿಗೆ ಬಿಡುವುದಾಗಲಿ ಬೇಕಿಲ್ಲ.

ಪತ್ತೆ ಹಚ್ಚುವ ವಿಧಾನ

ತಾಯಿಬೆಕ್ಕಿನ ಬಾಲದ ಬುಡ ಹಾಗೂ ಕುತ್ತಿಗೆಯ ಕೂದಲನ್ನು ಹೇನಿನ ಬಾಚಣಿಗೆಯಿಂದ ಬಾಚಿ, ಉದುರುವ ಕರಿಯ ಕಣಗಳನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಹಾಕಿರಿ. ಕಣದ ಸುತ್ತ ಕೆಂಪು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ. ಹರಡದಿದ್ದರೆ ಬರಿಯ ಮಣ್ಣು.

ಹತೋಟಿ ಕ್ರಮಗಳು

1. ಹಾಸಿಗೆ: ಮೊದಲ ಕೆಲಸ ಇದೇ. ತಾಯಿ ಊಟಕ್ಕೆ ಎದ್ದಾಗ ಮರಿಗಳನ್ನು ಬೆಚ್ಚನೆಯ ಬಟ್ಟೆ ಹಾಸಿದ ಪೆಟ್ಟಿಗೆಗೆ ವರ್ಗಾಯಿಸಿ, ಹಳೆಯ ಹಾಸನ್ನು ತೆಗೆಯಿರಿ. ಗೋಣಿಯಾದರೆ ಸುಟ್ಟುಬಿಡಿ, ಬಟ್ಟೆಯಾದರೆ ಕುದಿಯುವ ನೀರಿನಲ್ಲಿ ನೆನೆಸಿ, ಒಗೆದು, ಬಿಸಿಲಿನಲ್ಲಿ ಒಣಗಿಸಿ. ಹೊಸ ಹಾಸನ್ನು ಅದೇ ಜಾಗದಲ್ಲಿ ಅಥವಾ ತೀರ ಹತ್ತಿರದಲ್ಲಿ ಹಾಕಬೇಕು. ಜಾಗ ಬದಲಾದರೆ ತಾಯಿ ಮರಿಗಳನ್ನು ಕಚ್ಚಿಕೊಂಡು ಬೇರೆಡೆಗೆ ಹೋಗುವ ಸಂಭವ ಉಂಟು. ಎರಡು ಮೂರು ದಿನಗಳಿಗೊಮ್ಮೆ ಹಾಸು ಬದಲಿಸುತ್ತಿರಿ.

2. ನೆಲ: ಸುತ್ತಲಿನ ಮೂಲೆ, ಬಿರುಕುಗಳ ಧೂಳನ್ನು ದಿನವೂ ಗುಡಿಸಿ ಸುಡಬೇಕು. ನೆಲವನ್ನು ಸೋಪಿನ ನೀರಿನಿಂದ ತೊಳೆದು ಚೆನ್ನಾಗಿ ಒಣಗಲು ಬಿಡಬೇಕು. ಒಣ ಹವೆ ಮತ್ತು ಬಿಸಿಲನ್ನು ಚಿಗಟದ ಮರಿಹುಳು ತಾಳಲಾರದು. ಕೋಶಗಳು ಉಳಿದಿರುವುದರಿಂದ ಈ ಕೆಲಸವನ್ನು ಕನಿಷ್ಠ ಆರು ವಾರ ಬಿಡದೆ ಮಾಡಬೇಕು.

3. ಮರಿಗಳು: ನಾಲ್ಕು ವಾರದೊಳಗಿನ ಮರಿಗೆ ಬಾಚಣಿಗೆಯೇ ಉತ್ತಮ ಔಷಧ. ಪಕ್ಕದಲ್ಲಿ ಸೋಪಿನ ನೀರಿನ ಬಟ್ಟಲಿರಲಿ. ಒಂದೊಂದೇ ಮರಿಯನ್ನು ತೆಗೆದುಕೊಂಡು ಕುತ್ತಿಗೆಯಿಂದ ಬಾಲದ ಕಡೆಗೆ ಮೃದುವಾಗಿ ಬಾಚಿ, ಬಾಚಣಿಗೆಯನ್ನು ಆ ನೀರಿನಲ್ಲಿ ಅದ್ದಿರಿ. ಚಿಗಟ ಹಾರಲಾರದೆ ಮುಳುಗುತ್ತದೆ. ಬೆಳಿಗ್ಗೆ, ಸಂಜೆ ಹೀಗೆ ಮಾಡಿರಿ.

ಚಿಗಟ ವಿಪರೀತವಿದ್ದರೆ ಉಗುರುಬೆಚ್ಚಗಿನ ನೀರಿಗೆ ತುಸು ಮಕ್ಕಳ ಸೋಪು ಬೆರೆಸಿ, ಬಟ್ಟೆಯಿಂದ ಮೈಯನ್ನಷ್ಟೇ ಒರೆಸಿರಿ. ಮೊದಲು ಕುತ್ತಿಗೆಯ ಸುತ್ತ ಒರೆಸಿದರೆ ಚಿಗಟ ಮುಖದತ್ತ ಓಡುವುದು ತಪ್ಪುತ್ತದೆ. ಮರಿಯನ್ನು ನೀರಿನಲ್ಲಿ ಮುಳುಗಿಸಬೇಡಿ. ಕಣ್ಣು, ಮೂಗು, ಬಾಯಿಗೆ ಸೋಪು ತಾಗಬಾರದು. ಎರಡು ಮೂರು ನಿಮಿಷಗಳಲ್ಲಿ ಮುಗಿಸಿ, ಸೋಪನ್ನು ಶುದ್ಧ ನೀರಿನ ಬಟ್ಟೆಯಿಂದ ತೆಗೆದು, ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಬೆಚ್ಚಗೆ ಮಾಡಿದ ನಂತರವೇ ತಾಯಿಯ ಬಳಿ ಬಿಡಬೇಕು. ಎಳೆಮರಿಗೆ ತನ್ನ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಚಿಗಟ ಹೋಗಿ ಚಳಿಯಿಂದ ಮರಿ ಸತ್ತರೆ ಏನು ಪ್ರಯೋಜನ? ವಸಡು ಬಿಳಿಚಿದ ಮರಿಯನ್ನು ಮಾತ್ರ ಒದ್ದೆ ಮಾಡಲೇಬೇಡಿ.

4. ತಾಯಿಬೆಕ್ಕು: ದಿನವೂ ಬಾಚುವುದರ ಜೊತೆಗೆ ಔಷಧ ಬೇಕಾದರೆ ಪಶುವೈದ್ಯರೇ ಕೊಡಬೇಕು. ಹಾಲೂಡುವ ಬೆಕ್ಕಿಗೆ ಹೊಂದುವ ಸೆಲಾಮೆಕ್ಟಿನ್‌ನಂಥ ಔಷಧಗಳಿವೆ. ಅದನ್ನು ತಾಯಿ ನೆಕ್ಕಲಾಗದ ಕತ್ತಿನ ಹಿಂಭಾಗಕ್ಕೆ ಹಾಕಿ, ಒಣಗಿದ ಮೇಲೆ ಮರಿಗಳ ಬಳಿ ಬಿಡಬೇಕು. ಹೊಟ್ಟೆ, ಮೊಲೆಯ ಭಾಗಕ್ಕೆ ಏನನ್ನೂ ಹಚ್ಚಬಾರದು. ಅದು ನೇರ ಮರಿಯ ಬಾಯಿಗೆ ಹೋಗುತ್ತದೆ.

ಎಂದಿಗೂ ಬಳಸಬಾರದವು

ಕೆಲವು ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಹಾಗಾಗಿ ನಾಯಿಗೆ, ದನಕ್ಕೆ ಒಗ್ಗಿದ್ದು ಬೆಕ್ಕಿಗೆ ಒಗ್ಗುವುದಿಲ್ಲ.

(ಅ) ಪರ್ಮೆಥ್ರಿನ್ ಇರುವ ನಾಯಿಯ ಚಿಗಟದ ಔಷಧಗಳು ಬೆಕ್ಕಿಗೆ ಮಾರಕ. ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಇವೂ ಅದೇ ಗುಂಪಿನವು. ಇರುವೆ, ಜಿರಲೆಗೆ ಗೀಚುವ ಸೀಮೆಸುಣ್ಣದಲ್ಲಿಯೂ ಇವೇ ಇರುತ್ತವೆ.

(ಆ) ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್ ಮುಂತಾದ ಬೆಳೆ ಔಷಧಗಳನ್ನು ಮೈಗಾಗಲಿ ಹಾಸಿಗೆಗಾಗಲಿ ಹಾಕಬಾರದು. ಹಿಂದೆ ಧಾರಾಳವಾಗಿ ಎರಚುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು 1997ರಲ್ಲಿಯೇ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಮೂಲೆಯಲ್ಲಿ ಉಳಿದಿದ್ದರೆ ಮುಟ್ಟಬೇಡಿ.

(ಇ) ಹೆಸರಿಗೆ ಮೋಸಹೋಗಬೇಡಿ. ಪಶುವೈದ್ಯರು ಕೊಡುವ ಫಿಪ್ರೊನಿಲ್ ಸಿಂಪಡಣೆಯಲ್ಲಿ ಶೇಕಡ 0.25ರಷ್ಟು ಔಷಧವಿರುತ್ತದೆ, ಭತ್ತದ ಕಾಂಡಕೊರಕಕ್ಕೆ ಬಳಸುವ ದ್ರವದಲ್ಲಿ ಶೇಕಡ 5ರಷ್ಟು. ಅದನ್ನು ನೀರು ಬೆರೆಸಿ ತೆಳುವಾಗಿಸಿದರೂ ಪ್ರಾಣಿಯ ಔಷಧವಾಗದು. ಅದರಲ್ಲಿ ಸೇರಿಸಿರುವ ಇತರ ದ್ರವ್ಯಗಳು ಬೇರೆ.

(ಈ) ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ, ಕರ್ಪೂರ, ನೀಲಗಿರಿ ಎಣ್ಣೆ, ಹೊಗೆಸೊಪ್ಪಿನ ಕಷಾಯ, ಸುಣ್ಣ ಇವು ಬೇಡ. ಬೇವಿನೆಣ್ಣೆ ಬೆಳೆಗೆ ಒಳ್ಳೆಯದಾದರೂ ತನ್ನ ಮೈಯನ್ನು ತಾನೇ ನೆಕ್ಕುವ ಬೆಕ್ಕಿಗೆ ಒಳ್ಳೆಯದಲ್ಲ.

ತಪ್ಪಿ ವಿಷ ತಗುಲಿ ಬೆಕ್ಕು ಜೊಲ್ಲು ಸುರಿಸುತ್ತ ನಡುಗತೊಡಗಿದರೆ, ಉಗುರುಬೆಚ್ಚಗಿನ ಸೋಪಿನ ನೀರಿನಿಂದ ಮೈ ತೊಳೆದು, ಒರೆಸಿ, ಔಷಧದ ಬಾಟಲಿಯ ಸಮೇತ ವೈದ್ಯರಲ್ಲಿಗೆ ಧಾವಿಸಿರಿ. ಕಮರ್ಷಿಯಲ್ ಸ್ಟ್ರೀಟಿನವರಿಗೆ ಕ್ವೀನ್ಸ್ ರಸ್ತೆಯ ಸರ್ಕಾರಿ ಪಶು ಆಸ್ಪತ್ರೆ ಸಮೀಪ. ಹೆಬ್ಬಾಳದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಹಳ್ಳಿಯವರು ತಮ್ಮ ಹತ್ತಿರದ ಪಶು ಚಿಕಿತ್ಸಾಲಯವನ್ನು ಕಾಣಬಹುದು.

ಕೊನೆಯದಾಗಿ, ಎಳೆಮರಿಯ ಚಿಗಟಕ್ಕೆ ಬೇಕಾದ ಸಲಕರಣೆ ಒಂದು ಹೇನಿನ ಬಾಚಣಿಗೆ, ಒಂದು ಬಟ್ಟಲು ಸೋಪಿನ ನೀರು, ಕುದಿಯುವ ನೀರಿನಲ್ಲಿ ಒಗೆದ ಹಾಸು ಮತ್ತು ಆರು ವಾರದ ತಾಳ್ಮೆ. ಹೊಲದ ಔಷಧ ಹೊಲಕ್ಕೇ ಇರಲಿ. ಇಂದು ಉಳಿಸಿಕೊಂಡ ಮರಿ ಮುಂದಿನ ಸುಗ್ಗಿಯಲ್ಲಿ ನಿಮ್ಮ ಕಣಜವನ್ನು ಕಾಯುತ್ತದೆ.