ನಮ್ಮ ಅಂಗಳದಲ್ಲಿ ಶಂಖಪುಷ್ಪ

ಊರಿನಲ್ಲಿ ಶಂಖಪುಷ್ಪವನ್ನು ಯಾರೂ ಕಷ್ಟಪಟ್ಟು ಬೆಳೆಸುವುದಿಲ್ಲ. ಬೇಲಿಯ ಮೇಲೆ ತಾನಾಗಿಯೇ ಹಬ್ಬಿರುತ್ತದೆ, ಬೆಳಗ್ಗೆ ಪೂಜೆಗೆ ಬಿಡಿಸಿಕೊಂಡರಾಯಿತು. ಇಲ್ಲಿ ನ್ಯೂಜೆರ್ಸಿಯಲ್ಲಿ ನಾನು ಎರಡು ಬೇಸಿಗೆ ಬೀಜ ಬಿತ್ತಿ ಬರೀ ಮಣ್ಣು ನೋಡುತ್ತ ಕುಳಿತೆ. ತಪ್ಪು ನನ್ನದೇ. ಅವರೆ, ಹೆಸರುಕಾಳುಗಳ ಬಳಗಕ್ಕೇ ಸೇರಿದ್ದರೂ ಇದರ ಬೀಜದ ಸಿಪ್ಪೆ ಬಹಳ ಗಟ್ಟಿ. ನೀರು ಸುಲಭವಾಗಿ ಒಳಗಿಳಿಯುವುದಿಲ್ಲ.

ಬೀಜದ ಒಂದು ಬದಿಯನ್ನು ಒಳಗಿನ ತಿಳಿಬಣ್ಣ ಕಾಣುವಷ್ಟು ಮಾತ್ರ ಸ್ಯಾಂಡ್‌ಪೇಪರಿನ ಮೇಲೆ ಉಜ್ಜಿ, ರಾತ್ರಿಯೆಲ್ಲ ನೀರಿನಲ್ಲಿ ನೆನೆಸಿಡಿ. ಬೆಳಗ್ಗೆ ಉಬ್ಬಿದ ಬೀಜಗಳನ್ನು ಬಿತ್ತಿ. ಉಬ್ಬದವನ್ನು ಮತ್ತೊಮ್ಮೆ ಉಜ್ಜಿ ನೆನೆಸಿ. ಏಪ್ರಿಲ್‌ನಲ್ಲಿ ಮನೆಯೊಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ, ಅರ್ಧ ಇಂಚು ಆಳಕ್ಕೆ ಹಾಕಿದರೆ ಒಂದೆರಡು ವಾರಗಳಲ್ಲಿ ಮೊಳಕೆ ಬರುತ್ತದೆ. ರಾತ್ರಿಯ ಉಷ್ಣತೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯದ ಮೇಲೆಯೇ ಹೊರಗಿಡಿ. ಈ ವಿಷಯದಲ್ಲಿ ಅವಸರ ಬೇಡ, ಚಳಿ ತಾಗಿದ ಸಸಿ ಸೊರಗುತ್ತದೆ.

ಹಬ್ಬಲು ಆರಡಿಯ ಕೋಲೋ ಜಾಲರಿಯೋ ಬೇಕು, ಪೂರ್ತಿ ಬಿಸಿಲು ಬೇಕು. ಗೊಬ್ಬರ ಮಾತ್ರ ಕಡಿಮೆ ಸಾಕು. ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯಲ್ಲಿನ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತವೆ. ಅದರ ಮೇಲೆ ಹುಲ್ಲುಹಾಸಿನ ಗೊಬ್ಬರವನ್ನೂ ಸುರಿದರೆ ಎಲೆಯೇ ಎಲೆ, ಹೂವು ಅಪರೂಪ.

ಎಲ್ಲ ಸರಿಹೋದರೆ ವರಮಹಾಲಕ್ಷ್ಮಿ ವ್ರತದ ಹೊತ್ತಿಗೆ ಹೂ ಬಿಡತೊಡಗುತ್ತದೆ. ಸೂಕ್ಷ್ಮವಾಗಿ ನೋಡಿ, ಅವರೆ ಹೂವಿನಲ್ಲಿ ಮೇಲಿರುವ ದೊಡ್ಡ ಎಸಳು ಇದರಲ್ಲಿ ಕೆಳಗಿದೆ. ಹೂವೇ ತಲೆಕೆಳಗು! ಮಕ್ಕಳಿಗೆ ತೋರಿಸಲು ಇನ್ನೊಂದಿದೆ: ನೀಲಿ ಹೂವನ್ನು ಬಿಸಿನೀರಿಗೆ ಹಾಕಿ, ನೀಲಿಯಾದ ಮೇಲೆ ನಿಂಬೆರಸ ಹಿಂಡಿದರೆ ನೀರು ನೇರಳೆಯಾಗುತ್ತದೆ. ಈ ಹೂವಿನ ಸಾರವನ್ನು ಕೆಲವು ಆಹಾರಗಳಿಗೆ ಬಣ್ಣವಾಗಿ ಬಳಸಲು ಅಮೆರಿಕದ ಎಫ್‌ಡಿಎ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಬೀಜ ಮಾತ್ರ ಬಾಯಿಗೆ ಹೋಗದಂತೆ ನೋಡಿಕೊಳ್ಳಿ, ಹೊಟ್ಟೆ ಕೆಡುತ್ತದೆ. ಜ್ಞಾಪಕಶಕ್ತಿಗೆಂದು ಅಂಗಡಿಯಲ್ಲಿ ಸಿಗುವ 'ಶಂಖಪುಷ್ಪಿ' ಸಾಮಾನ್ಯವಾಗಿ ನೆಲದಲ್ಲಿ ಹರಡುವ ಬೇರೆಯೇ ಗಿಡದ್ದು. ಹೆಸರು ಹತ್ತಿರವೆಂದು ಈ ಬಳ್ಳಿಯಿಂದ ಮನೆಮದ್ದು ಮಾಡಹೋಗಬೇಡಿ.

ಇನ್ನು ಬೀಜ. ಸರಿಯಾದ ಪರವಾನಗಿ, ಕಾಗದಪತ್ರಗಳಿಲ್ಲದೆ ಊರಿನಿಂದ ಸೂಟ್‌ಕೇಸಿನಲ್ಲಿ ತರುವಂತಿಲ್ಲ, ಇಲ್ಲಿಯೇ ಮಾರುವವರಿದ್ದಾರೆ. ಒಮ್ಮೆ ಕೊಂಡರೆ ಸಾಕು, ಆದರೆ ಅಕ್ಟೋಬರಿನ ಹಿಮಕ್ಕೆ ಬಳ್ಳಿ ಸಾಯುತ್ತದೆಂಬುದು ನೆನಪಿರಲಿ. ಹೂಗಳನ್ನೆಲ್ಲ ದೇವರಿಗೇ ಏರಿಸಿದರೆ ಕಾಯಿ ಕಟ್ಟುವುದು ಹೇಗೆ? ಆಗಸ್ಟ್‌ನಲ್ಲೇ ಹತ್ತು ಹೂಗಳನ್ನು ಬಳ್ಳಿಯಲ್ಲೇ ಬಿಟ್ಟು, ಕಾಯಿ ಕಂದಾಗಿ ಒಣಗಿದೊಡನೆ, ಸಿಡಿಯುವ ಮೊದಲೇ ಕೊಯ್ದು ಕಾಗದದ ಲಕೋಟೆಯಲ್ಲಿ ಇಡಿ.